ಬಂದರು: ಹುಣಸಿಗಿಡದ ಬುಡ

ನಕ್ಷತ್ರ ಹಾಕಿದ ಕಾಲಂ ಖಾಲಿ ಬಿಡುವಂತಿಲ್ಲ.
ಬಿಟ್ಟರೆ ಪರದೆ ಕೆಂಪಾಗಿ, ಹಿಂದಿನ ಪುಟಕ್ಕೆ ಒಯ್ದು
ಮೊದಲಿಂದ ತಂದೆಯ ಹೆಸರು ಕೇಳುತ್ತದೆ.
ಏಳನೆಯ ಕಾಲಂ: ನಿಮ್ಮ ಬಂದರು ಯಾವುದು?

ಮುಂಡರಗಿಯಿಂದ ಹೊಳೆಯ ಕಡೆ ಇಳಿದರೆ ನಮ್ಮೂರು.
ಸಮುದ್ರ ಅಂದರೆ ಶಾಲೆಯ ಗೋಡೆಯ ಮೇಲೆ
ಸುಣ್ಣ ಉದುರಿದ ನೀಲಿ.
ನಾನು ಪಂಚಾಯಿತಿಯ ಕಂಪ್ಯೂಟರಿನವಳು.
ತಿಂಗಳಿಗೆ ಇಪ್ಪತ್ತು ದಿನ
ನೆಟ್ ಇಲ್ಲ ಎಂದು ಹೇಳುವುದೇ ಕೆಲಸ.
ಗೋಡೆಗೆ ಬಡಿದ ಬಿಳಿ ಡಬ್ಬಿಗೆ ಸರಕಾರ ಕೊಟ್ಟದ್ದು
ನಾಲ್ಕು ದೀಪ. ಮೂರು ಹಸಿರು.
ನಾಲ್ಕನೆಯದರ ಮೇಲೆ ಯಾರದೂ ಭರವಸೆ ಇಲ್ಲ.

ಅವತ್ತು ನಾಲ್ಕೂ ಹಸಿರು.
ಮೀನುಗಾರರ ಸಂಘದ ಹುಲಿಗೆವ್ವ ಬಾರಕೇರ
ಬುಟ್ಟಿ ಹೊರಗಿಟ್ಟು ಒಳಗೆ ಬಂದಳು,
ಹಿಂದೆ ಗುಡದಪ್ಪ, ಅವನ ಹಿಂದೆ ಜಿಲೇಬಿ ಮೀನಿನ ವಾಸನೆ.
ಹೊಸ ಹರಗೋಲಿಗೆ ಸಬ್ಸಿಡಿ. ಕೊನೆಯ ದಿನ.
ಎಂಜಿನ್ ಎಷ್ಟು ಅಶ್ವಶಕ್ತಿ?
'ಎರಡು ತೋಳು ಅಂತ ಬರಿ.'
ಅಂಕಿ ಮಾತ್ರ ತಗೊಳ್ಳುತ್ತದೆ, ಅಂದೆ.
'ಹಂಗಾರ ಎರಡು.'
ದಡದಿಂದ ಎಷ್ಟು ಮೈಲು ದೂರ ಹೋಗುತ್ತೀರಿ?
ಗುಡದಪ್ಪ ಕಿಟಕಿಯಿಂದ ಹೊಳೆ ನೋಡಿ ಕೇಳಿದ:
'ಈ ದಂಡಿಯಿಂದೋ, ಆ ದಂಡಿಯಿಂದೋ?'
ಬಂದರು?
ಹುಲಿಗೆವ್ವ ತಡೆಯಲಿಲ್ಲ: 'ಹುಣಸಿಗಿಡದ ಬುಡ.
ಹರಗೋಲು ಅಲ್ಲೇ ಬೋರಲ ಹಾಕ್ತೀವಿ.'
ಬರೆದೆ. ಯಂತ್ರ ಒಂದು ಗಳಿಗೆ ಯೋಚಿಸಿ
ಧನ್ಯವಾದ ಹೇಳಿತು.

ಹರಗೋಲು ಬರಲಿಲ್ಲ.
ಮೀನುಮರಿ ಬಿಡುವ ಹಂಗಾಮು ಮುಗಿದ ಮೇಲೆ
ಮೂರು ಮುದ್ರೆಯ ಒಂದು ಲಕೋಟೆ ಬಂತು.
ಕಡಲೊಳಗೆ ಗಾಳಿಕಂಬ ನೆಡಲು, ತಳದ ಅನಿಲ ಹುಡುಕಲು
ಕಂಪನಿಗಳಿಗೆ ಅನುಮತಿ ಕೊಡುವ ನೀತಿಯ ಕರಡು.
ಬಾಧಿತವಾಗಬಹುದಾದ ಬಂದರುಗಳ ಪಟ್ಟಿ ಎರಡು ಪುಟ.
ನಲವತ್ತೊಂದನೆಯದು: ಹುಣಸಿಗಿಡದ ಬುಡ.
ಆಕ್ಷೇಪಣೆ ಇದ್ದಲ್ಲಿ ಮೂವತ್ತು ದಿನದೊಳಗೆ.

ನಾನು ನಕ್ಕೆ. ಪಿಡಿಒ ಸಾಹೇಬರು ನಕ್ಕು, ಫೈಲಿಗೆ ಹಾಕು ಅಂದರು.
ಹುಲಿಗೆವ್ವ ನಗಲಿಲ್ಲ.
'ಕೇಳ್ಯಾರಲ್ಲ?
ಇಲ್ಲಿ ಗುಡ್ಡದ ಮ್ಯಾಲ ಗಾಳಿಗಿರಣಿ ನಿಲ್ಸೂವಾಗ
ಯಾರ ಕೇಳಿದ್ರು?'

ಸಂಜೆ ಬುಡದಲ್ಲಿ ಹನ್ನೊಂದು ಮಂದಿ ಕೂತರು,
ಹರಿದ ಬಲೆ ಹೊಲಿಯುತ್ತಲೇ ಸಭೆ.
ಉಪ್ಪುನೀರಿನವರ ಜಗಳ, ನಮಗ್ಯಾಕ, ಎಂದ ಒಬ್ಬ.
ಒಪ್ಪಿಗಿ ಕೊಟ್ರ ರೊಕ್ಕ ಬರ್ತೈತೇನ್ ನೋಡ್ರಿ, ಎಂದ ಇನ್ನೊಬ್ಬ.
ಗುಡ್ಡದ ತುದಿಯಲ್ಲಿ ಕೆಂಪು ದೀಪ ಹತ್ತಿತು.
ಅದು ಮಾತ್ರ ಒಂದು ರಾತ್ರಿಯೂ ಕೆಟ್ಟಿಲ್ಲ.
ಹುಲಿಗೆವ್ವ ಹಲ್ಲಿನಿಂದ ದಾರ ಕಡಿದು 'ಬರಕೋ' ಅಂದಳು:

'ನಾವು ಸಮುದ್ರ ನೋಡಿಲ್ಲ.
ಅಲ್ಲೂ ಯಾರೋ ಹೊತ್ತು ಮೂಡೂಮುಂದ ಬಲಿ ಬೀಸ್ತಿರ್ತಾರ.
ಅವರನ್ನ ಕೇಳ್ರಿ. ಅರ್ಜಿಯೊಳಗ ಅಲ್ಲ, ದಂಡಿಗೆ ಬಂದು.
ಗಾಳಿ ಬ್ಯಾಡ ಅನ್ನೂದಿಲ್ಲ ನಾವು.
ಇಲ್ಲಿ ಗಿರಣಿಯವರು ಕೇಬಲ್ ಹೂಳಾಕ ಜೆಸಿಬಿ ತಂದು
ನಮ್ಮ ನೆಟ್ಟಿನ ತಂತಿ ಹರದ್ರು.
ಹರದಾಂವ ನಾನು ಅಂತ ಯಾವನೂ ಅನ್ನಲಿಲ್ಲ.
ಕಡಲ ತಳದಾಗ ಹರದ್ರ
ನೋಡಾಕ ಯಾರು ಮುಳುಗ್ತಾರ?'

ಸ್ವಲ್ಪ ತಡೆದು:
'ಕೆಳಗ ಬರಿ, ಹರಗೋಲು ಇನ್ನೂ ಬಂದಿಲ್ಲ.'

ಇಪ್ಪತ್ತೊಂಬತ್ತನೆಯ ದಿನವೂ ನಾಲ್ಕನೆಯ ದೀಪ ಕೆಂಪು.
ಗುಡದಪ್ಪನ ಬೈಕಿನಲ್ಲಿ ಗುಡ್ಡ ಹತ್ತಿದೆವು.
ಗಾಳಿಗಿರಣಿಯ ಬುಡದಲ್ಲಿ ಫೋನಿಗೆ ಸಿಗ್ನಲ್ ಚೆನ್ನಾಗಿದೆ,
ರೆಕ್ಕೆಯ ನೆರಳು ಪರದೆಯ ಮೇಲೆ ಹಾದು ಹಾದು ಹೋಗುತ್ತಿತ್ತು.
ಒಂಬತ್ತು ಹೆಬ್ಬೆಟ್ಟು, ಎರಡು ಸಹಿ ಏರಿದವು.
ಆಮೇಲೆ ಒಂದು ನಕ್ಷತ್ರ:
ಸಮುದ್ರಕ್ಕೂ ನಿಮಗೂ ಸಂಬಂಧ?
ನಿವಾಸಿ, ದೋಣಿ ಮಾಲೀಕ, ಕಂಪನಿ, ಇತರೆ.
ಇತರೆ ಒತ್ತಿದೆ. ವಿವರಿಸಿ, ಐವತ್ತು ಅಕ್ಷರ ಮೀರದಂತೆ.

ನಮ್ಮ ಹೊಳೆ ಅಲ್ಲಿಗೇ ಹೋಗುತ್ತದೆ, ಎಂದು ಬರೆದೆ.

ಯಾವ ಸಮುದ್ರಕ್ಕೆ ಅಂತ ಅದು ಕೇಳಲಿಲ್ಲ, ಪುಣ್ಯ.
ಕರಡು ಪಡುವಣ ಕಡಲಿನದು.
ನಮ್ಮ ನೀರು ಹರಿಯುವುದು ಮೂಡಲಕ್ಕೆ.